ಬೀದಿಯಷ್ಟೇ ಅಗಲದ ವೇದಿಕೆ

(ಬಿನ್ನಿಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಬಿನ್ನಿಪೇಟೆಯ ಅಡ್ಡರಸ್ತೆಗೆ ಅಣ್ಣಮ್ಮ ಬಂದಳೆಂದರೆ ಎರಡು ಮೂರು ದಿನ ಆ ರಸ್ತೆಯಲ್ಲಿ ಸ್ಕೂಟರಿಗೂ ದಾರಿಯಿಲ್ಲ. ಮೆಜೆಸ್ಟಿಕ್ ಬಳಿಯ ಗುಡಿಯಿಂದ ಉತ್ಸವಮೂರ್ತಿ ಹೂವಿನ ಅಲಂಕಾರದಲ್ಲಿ, ತಮಟೆಯ ಏಟಿನ ಬೆನ್ನಿಗೇ ಬಂದು ಪೆಂಡಾಲ್ ಸೇರುತ್ತದೆ. ಒಂದು ಮಧ್ಯಾಹ್ನ ಅನ್ನಸಂತರ್ಪಣೆ, ಒಂದು ಸಂಜೆ ಆರ್ಕೆಸ್ಟ್ರಾ. ಬ್ಯಾನರಿನ ಮೇಲೆ ‘ಭವ್ಯ ರಸಮಂಜರಿ ಕಾರ್ಯಕ್ರಮ’ ಎಂದು ಬರೆದಿರುತ್ತದೆ. ಭವ್ಯ ಅನ್ನುವುದು ಬ್ಯಾನರಿನ ಮಟ್ಟಿಗೆ ಮಾತ್ರ. ನಾಲ್ಕು ಡ್ರಮ್ಮಿನ ಮೇಲೆ ಹಲಗೆ ಹಾಸಿ ಮಾಡಿದ ವೇದಿಕೆ, ಕಂಬದಿಂದ ಕಂಬಕ್ಕೆ ಎಳೆದ ಸೀರಿಯಲ್ ಸೆಟ್, ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಮುಂದೆ ಜಮಖಾನದ ಮೇಲೆ ಮಕ್ಕಳು. ಇಕ್ಕೆಲದ ಮನೆಗಳ ಬಾಲ್ಕನಿಗಳೇ ಮೇಲಿನ ದರ್ಜೆಯ ಸೀಟುಗಳು.

ಈ ಪೇಟೆಗೆ ಹೆಸರು ಬಂದದ್ದು ಗಿರಣಿಯಿಂದ. 1884ರಲ್ಲಿ ಶುರುವಾದ ಬಟ್ಟೆ ಗಿರಣಿ ಎರಡು ವರ್ಷಕ್ಕೆ ಬಿನ್ನಿ ಕಂಪನಿಯ ಕೈ ಸೇರಿತು; ಅದರ ಸುತ್ತ ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನ ಕಾರ್ಮಿಕರ ಸಾಲುಮನೆಗಳು ಬೆಳೆದವು. ಈಗ ಗಿರಣಿಯಿದ್ದ ನೆಲದಲ್ಲಿ ಮಾಲ್ ಇದೆ, ಮುಗಿಲು ಮುಟ್ಟುವ ಅಪಾರ್ಟ್‌ಮೆಂಟುಗಳಿವೆ, ಸಮೀಪದಲ್ಲೇ ಮಾಗಡಿ ರಸ್ತೆಯ ಮೆಟ್ರೊ ನಿಲ್ದಾಣ. ಪಾಳಿಯ ಸೈರನ್ ಕೇಳಿ ಬೆಳೆದ ತಲೆಮಾರು ಮುದಿಯಾಗಿದೆ. ಆದರೆ ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಚಂದಾ ಎತ್ತಿ, ತಮ್ಮ ಬೀದಿಯಲ್ಲಿ ಒಂದು ಸಂಜೆ ಹಾಡಿಸಲೇಬೇಕೆನ್ನುವ ಹಟ ಮಾತ್ರ ಹಾಗೇ ಉಳಿದಿದೆ.

ಸಣ್ಣ ಕಛೇರಿ, ಆಪ್ತ ಗಾಯನ ಎಂದೊಡನೆ ಬೆಂಗಳೂರಿನ ಓದುಬರಹದವರಿಗೆ ನೆನಪಾಗುವುದು ಇಂದಿರಾನಗರದ ಕೆಫೆ, ಜಯನಗರದ ಮನೆಯ ಮಹಡಿ, ಮಲ್ಲೇಶ್ವರದ ಪುಟ್ಟ ಸಭಾಂಗಣ. ಪಶ್ಚಿಮ ಬೆಂಗಳೂರಿನ ಬೀದಿ ಆರ್ಕೆಸ್ಟ್ರಾವನ್ನು ಆ ಸಾಲಿನಲ್ಲಿ ಕೂರಿಸುವವರು ಕಡಿಮೆ. ಅದು ಗದ್ದಲ, ಸಿನಿಮಾ ಹಾಡು, ಕುಡಿದವರ ಕುಣಿತ ಎಂಬ ತಾತ್ಸಾರ. ಈ ಉಪನ್ಯಾಸದ ತಕರಾರು ಇರುವುದು ಅಲ್ಲೇ. ಕೇಳುವವನಿಗೂ ಹಾಡುವವನಿಗೂ ನಡುವೆ ಹತ್ತು ಹೆಜ್ಜೆಯಷ್ಟೇ ಅಂತರವಿದ್ದಾಗ ಕೇಳುವವನು ಸುಮ್ಮನೆ ಕೂರಲಾರ. ಅವನಿಗೂ ಒಂದು ಕೆಲಸ ಬೀಳುತ್ತದೆ. ಆ ಕೆಲಸವೇ ಸಣ್ಣ ಕಛೇರಿಯ ಸುಖ. ಮಹಡಿಯ ಮೇಲಿನ ಬೈಠಕ್ಕಿಗೂ ಅಣ್ಣಮ್ಮನ ಪೆಂಡಾಲಿಗೂ ಇದರಲ್ಲಿ ಭೇದವಿಲ್ಲ.

ಒಂದು ಸಾಮಾನ್ಯ ರಸಮಂಜರಿ ಹೇಗೆ ಸಾಗುತ್ತದೆ ನೋಡಿ. ಒಬ್ಬ ಕೀಬೋರ್ಡಿಗೆ, ಒಬ್ಬ ರಿದಮ್ ಪ್ಯಾಡಿಗೆ, ಒಬ್ಬ ಢೋಲಕ್ ತಬಲಕ್ಕೆ. ಇಬ್ಬರೋ ಮೂವರೋ ಗಾಯಕರು. ನಿರೂಪಕನೇ ಮಿಮಿಕ್ರಿಯನ್ನೂ ಮಾಡಿಬಿಡುತ್ತಾನೆ. ಮೊದಲ ಹಾಡು ಗಣಪತಿಯದೋ ದೇವಿಯದೋ ಆಗಿರಲೇಬೇಕು. ಎರಡು ಮೂರು ಭಕ್ತಿಗೀತೆ ಮುಗಿಯುವ ಹೊತ್ತಿಗೆ ವೇದಿಕೆಯತ್ತ ಚೀಟಿಗಳು ಬರತೊಡಗುತ್ತವೆ. ರಾಜಣ್ಣನ ಹಾಡು, ವಿಷ್ಣು ಹಾಡು, ಶಂಕರಣ್ಣನ ಹಾಡು. ಚೀಟಿ ಕೊಟ್ಟವನ ಹೆಸರನ್ನು ಮೈಕಿನಲ್ಲಿ ಹೇಳದಿದ್ದರೆ ಅವನಿಗೆ ಅರ್ಧ ಹಾಡು ನಷ್ಟವಾದ ಹಾಗೆ. ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ವೇದಿಕೆಯಿಂದ ಕೆಳಗಿಳಿದು ಅಜ್ಜಿಯರ ಕಾಲು ಮುಟ್ಟುತ್ತಾರೆ. ಗಾಯಕಿ ಪಲ್ಲವಿ ಹಾಡಿ ಮೈಕನ್ನು ಜನರತ್ತ ಚಾಚುತ್ತಾಳೆ, ಬೀದಿ ಅನುಪಲ್ಲವಿಯನ್ನು ಎತ್ತಿಕೊಳ್ಳುತ್ತದೆ. ಶ್ರುತಿ ತಪ್ಪಿರುತ್ತದೆ, ಸಾಹಿತ್ಯ ತಪ್ಪಿರುವುದಿಲ್ಲ.

ಕಾರ್ಯಕ್ರಮಕ್ಕೆ ನೆಪಗಳೂ ಬೇಕಾದಷ್ಟು. ಗಣೇಶನ ಹಬ್ಬದ್ದು ತಿಂಗಳುಗಟ್ಟಲೆ ಎಳೆಯುತ್ತದೆ. ನವೆಂಬರ್ ಬಂದರೆ ರಾಜ್ಯೋತ್ಸವ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಕಲಾವಿದರು ಸಿಗಬೇಕಲ್ಲ, ಒಂದೊಂದು ವಾರ್ಡಿಗೆ ಒಂದೊಂದು ಭಾನುವಾರ. ನವೆಂಬರ್ 9 ಶಂಕರ್‌ನಾಗ್ ಹುಟ್ಟಿದ ದಿನ. 1980ರ ‘ಆಟೋ ರಾಜ’ ಬಂದಾಗಿನಿಂದ ಆಟೊ ಚಾಲಕರಿಗೆ ಆತ ಮನೆದೇವರು. ಆ ದಿನ ಆಟೊ ಸ್ಟ್ಯಾಂಡಿನ ಹತ್ತಡಿ ಜಾಗವೇ ಸಭಾಂಗಣ.

ರಸಮಂಜರಿಗೆ ಮಾನ ಸಿಕ್ಕಿದ್ದು ರಾಜ್‌ಕುಮಾರ್ ಅವರಿಂದ. 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ ಅವರು ಗಾಯಕರಾಗಿಯೂ ಜನರ ನಾಲಗೆಯ ಮೇಲೆ ನಿಂತರು. ಊರೂರಿನ ವೇದಿಕೆಗಳಲ್ಲಿ ರಸಮಂಜರಿ ನಡೆಸಿಕೊಟ್ಟರು. ಅವರ ಸಭೆಗಳು ಸಣ್ಣವಾಗಿರಲಿಲ್ಲ ನಿಜ. ಆದರೆ ಬೀದಿಯ ತಂಡಗಳಿಗೆ ಮಾದರಿ ಸಿಕ್ಕಿತು. ಇನ್ನು ಇಂಥ ಪುಟ್ಟ ವಾದ್ಯತಂಡಗಳು ಎಂಥವರನ್ನು ಬೆಳೆಸಿವೆ ಎಂದು ನೋಡಿದರೆ ತಾತ್ಸಾರ ಮಾಡುವವರು ಸ್ವಲ್ಪ ತಡೆಯಬೇಕಾಗುತ್ತದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಚಿತ್ರರಂಗದಲ್ಲಿ ನೆಲೆ ಕಾಣುವ ಹೊತ್ತಿನಲ್ಲಿ ನಡೆಸುತ್ತಿದ್ದ ತಂಡದಲ್ಲಿ ವಾದ್ಯ ನುಡಿಸುತ್ತಿದ್ದವರು ಇಳಯರಾಜ ಮತ್ತು ಅವರ ಸೋದರರು. ‘ಪ್ರೇಮಲೋಕ’ (1987) ಚಿತ್ರದಿಂದ ಕನ್ನಡ ಸಿನಿಮಾ ಹಾಡಿನ ದಿಕ್ಕನ್ನೇ ತಿರುಗಿಸಿದ ಹಂಸಲೇಖ ಅದಕ್ಕೂ ಮೊದಲು ಅಣ್ಣನ ವಾದ್ಯಗೋಷ್ಠಿಯಲ್ಲಿ, ನಾಟಕದ ತಂಡದಲ್ಲಿ ಪಳಗಿದವರು. ಜನ ಎಲ್ಲಿ ಎದ್ದು ಹೋಗುತ್ತಾರೆ, ಎಲ್ಲಿ ಕೂರುತ್ತಾರೆ ಎಂಬ ಪಾಠವನ್ನು ಯಾವ ಸ್ಟುಡಿಯೊವೂ ಕಲಿಸಲಾರದು.

ಹತ್ತಿರ ಕೂತು ಕೇಳುವುದರಲ್ಲಿ ಅಂಥದ್ದೇನಿದೆ? ಸ್ವಲ್ಪ ಭೌತವಿಜ್ಞಾನಕ್ಕೆ ಹೋಗಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮೂರು ಮೀಟರ್ ದೂರದಲ್ಲಿ ಕೂತವನಿಗೆ ಮೃದಂಗದ ಘಾತ ಮುಟ್ಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಕೈ ಮೇಲೆದ್ದು ಚರ್ಮಕ್ಕೆ ಬೀಳುವುದನ್ನು ಕಣ್ಣು ಕಂಡ ಗಳಿಗೆಯಲ್ಲೇ ಕಿವಿಯೂ ಕೇಳುತ್ತದೆ. ಮೈದಾನದಲ್ಲಿ 170 ಮೀಟರ್ ಹಿಂದೆ ನಿಂತವನಿಗೆ ಅದೇ ಘಾತ ಅರ್ಧ ಸೆಕೆಂಡ್ ತಡ. ಮುಂದಿನವರು ಹಾಕಿದ ಚಪ್ಪಾಳೆಗೂ ಹಿಂದಿನವರು ಹಾಕಿದ ಚಪ್ಪಾಳೆಗೂ ತಾಳ ಕೂಡುವುದಿಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ಮಟ್ಟ ಆರು ಡೆಸಿಬೆಲ್ ಇಳಿಯುತ್ತದೆ. ಹಾಗೆ ಇಳಿಯುವಾಗ ಮೊದಲು ಕಾಣೆಯಾಗುವುದು ಗಾಯಕನ ಉಸಿರು, ತಂಬೂರಿಯ ಜೀವಾಳ, ಬೆರಳು ತಂತಿಯ ಮೇಲೆ ಜಾರುವ ಸದ್ದು. ಅವನ್ನು ಧ್ವನಿವರ್ಧಕ ವಾಪಸು ತರಬಲ್ಲದು. ಆದರೆ ಆಗ ಕೇಳಿಸುವುದು ಕಂಬದ ಮೇಲಿನ ಸ್ಪೀಕರಿನಿಂದ, ಕಾಣಿಸುವುದು ಎಲ್‌ಇಡಿ ಪರದೆಯಲ್ಲಿ. ಹಾಡುವವನಿರುವುದು ಇನ್ನೆಲ್ಲೋ.

ಮೈಕು ಬರುವ ಮೊದಲಿನ ಕಾಲಕ್ಕೂ ಈ ಸಂಕಟ ಇತ್ತು. ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದ್ದು ಶೋಕಿಗಲ್ಲ, ಕೊನೆಯ ಸಾಲಿನವನಿಗೂ ಕೇಳಲಿ ಎಂದು. ಸಭೆ ದೊಡ್ಡದಾದಂತೆ ವಾದ್ಯವೇ ರೂಪ ಬದಲಿಸಬೇಕಾಯಿತು. ಅವರ ಗುರು ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಕಟ್ಟಿಸಿದ ರಾಮಮಂದಿರ ಚಿಕ್ಕದು, ಅಲ್ಲಿ ಹಾಡಿದ ದೊಡ್ಡವರ ಪಟ್ಟಿ ಉದ್ದದ್ದು. ಶಿಷ್ಯನ ಹೆಸರಿನಲ್ಲಿ ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಪಿಟೀಲಿನ ಆಕಾರದ ಸಭಾಂಗಣದಲ್ಲಿ ಸಾವಿರಕ್ಕೂ ಮಿಕ್ಕಿದ ಜನ ಕೂರಬಹುದು. ಎರಡೂ ಬೇಕು. ಆದರೂ ಚೌಡಯ್ಯನವರು ಬೆಳೆದದ್ದು ಸಣ್ಣದರಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಬಿನ್ನಿಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿ ಚಾಮರಾಜಪೇಟೆಯಿದೆ. ಅಲ್ಲಿ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಇನ್ನೂ ಹುಡುಗನಾಗಿದ್ದಾಗ ಶುರುಮಾಡಿದ ರಾಮೋತ್ಸವವೇ ಇಂದಿನ ಶ್ರೀ ರಾಮಸೇವಾ ಮಂಡಳಿ. ಮುಂದೆ ಫೋರ್ಟ್ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರೂ ಹಾಡಿದರು, ರಾಮನವಮಿಯ ಕಛೇರಿಗಳೆಂದರೆ ದೇಶವೆಲ್ಲ ತಿಳಿಯುವಂತಾಯಿತು. ಅಷ್ಟು ಬೆಳೆದ ಮೇಲೂ ಅದು ಪೆಂಡಾಲೇ. ಗಾಳಿ ಬೀಸಿದರೆ ಬಟ್ಟೆ ಪಟಪಟ ಎನ್ನುತ್ತದೆ, ಏಪ್ರಿಲಿನ ಮಳೆ ತನಿಯಾವರ್ತನದ ನಡುವೆ ಬಂದುಬಿಡುತ್ತದೆ, ಆಚೆ ರಸ್ತೆಯಲ್ಲಿ ಬಸ್ಸು ಹಾರ್ನ್ ಹಾಕುತ್ತದೆ. ಟಿಕೆಟ್ಟಿಲ್ಲದೆ ಬೇಲಿಯಾಚೆ ನಿಂತೇ ರಾಗ ಗುರುತಿಸುವುದನ್ನು ಕಲಿತ ಕೇಳುಗರು ಈ ಊರಿನಲ್ಲಿದ್ದಾರೆ. ರಾಮನವಮಿಯ ದಿನ ಇದರ ಚಿಕ್ಕ ಚಿಕ್ಕ ಪ್ರತಿಗಳು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಗುಡಿಗಳ ಮುಂದೆ ಎದ್ದು ನಿಲ್ಲುತ್ತವೆ. ಬಡಾವಣೆಯ ಸಂಗೀತದ ಟೀಚರಮ್ಮ, ಅವರ ಹತ್ತು ಹನ್ನೆರಡು ಶಿಷ್ಯೆಯರು, ಪಕ್ಕದ ಬೀದಿಯ ಮೃದಂಗದ ಹುಡುಗ. ಪಾನಕ, ಕೋಸಂಬರಿ, ನೀರುಮಜ್ಜಿಗೆ ಹಂಚುವ ಗಡಿಬಿಡಿಯಲ್ಲಿ ಅರ್ಧ ಸಭೆ ಎದ್ದು ಹೋಗಿ ವಾಪಸು ಬರುತ್ತದೆ. ಹಾಡುವ ಮಗುವಿನ ತಾಯಿ ಎದುರು ಕೂತು ತೊಡೆಯ ಮೇಲೆ ತಾಳ ಹಾಕುತ್ತ ತುಟಿಯಲ್ಲೇ ಸಾಹಿತ್ಯ ಹೇಳಿಕೊಡುತ್ತಿರುತ್ತಾಳೆ. ಆಕೆಯನ್ನು ಪ್ರೇಕ್ಷಕಿ ಎನ್ನುವುದು ಹೇಗೆ?

ಕಲಾವಿದರನ್ನು ಮನೆಗೆ ಕರೆಸುವುದು ಒಂದು ಬಗೆ. ಕಲಾವಿದರೇ ಮನೆಗೆ ಬರುವುದು ಇನ್ನೊಂದು. ತ್ಯಾಗರಾಜರ ಆರಾಧನೆಯ ಬೆಳಿಗ್ಗೆ ಉಂಛವೃತ್ತಿಗೆ ಹೊರಟ ಗಾಯಕರ ಗುಂಪು ತಂಬೂರಿ ಮೀಟುತ್ತ ಬೀದಿಯಲ್ಲಿ ನಡೆಯುತ್ತದೆ. ಮನೆಯವರು ಬಾಗಿಲಿಗೆ ಬಂದು ಅಕ್ಕಿ ಹಾಕುತ್ತಾರೆ.

ಈ ಬಗೆಯ ಪರಮಾವಧಿ ಕರಾವಳಿಯ ಚಿಕ್ಕಮೇಳ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ, ಯಕ್ಷಗಾನದ ದೊಡ್ಡ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮುಂದೆ ಮಳೆ. ಕಲಾವಿದರ ಹೊಟ್ಟೆ ನಡೆಯಬೇಕಲ್ಲ. ಆಗ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಹಳ್ಳಿಗಳಲ್ಲಿ ಒಬ್ಬ ಭಾಗವತ, ಮದ್ದಳೆಯವನೊಬ್ಬ, ಒಂದೆರಡು ವೇಷ, ಇಷ್ಟೇ ಜನ ಸೇರಿ ಮುಸ್ಸಂಜೆಯಿಂದ ಮನೆಮನೆಗೆ ಹೋಗುತ್ತಾರೆ. ಮನೆಯವರು ಚಾವಡಿಯಲ್ಲಿ ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆ ಇಟ್ಟಿರುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಒಂದು ಪ್ರಸಂಗದ ತುಣುಕು ಮುಗಿದೇ ಹೋಗುತ್ತದೆ. ಬಯಲಿನಲ್ಲಿ ನೂರಡಿ ದೂರಕ್ಕೆ ಎದ್ದು ಕಾಣಲೆಂದು ಬಳಿದ ಬಣ್ಣವನ್ನು ಮೂರಡಿಯಿಂದ ನೋಡುವಾಗ ಮಕ್ಕಳು ಅಮ್ಮನ ಸೆರಗಿನ ಹಿಂದೆ ಸೇರಿಕೊಳ್ಳುತ್ತಾರೆ. ಅದೇ ಮಳೆಗಾಲದಲ್ಲಿ ತಾಳಮದ್ದಳೆ ಕೂಟಗಳು ನಡೆಯುತ್ತವೆ; ಅಲ್ಲಿ ವೇಷವೂ ಇಲ್ಲ, ಬರೀ ಹಾಡು, ಮಾತು. ಅರ್ಥಧಾರಿಯ ಒಂದು ಚುರುಕು ಉತ್ತರಕ್ಕೆ ಮುಂದಿನ ಸಾಲಿನ ಹಿರಿಯರೊಬ್ಬರು ‘ಹ್ಞಾಂ’ ಎಂದರೆ ವಾದದ ಬಿಸಿ ಇನ್ನಷ್ಟು ಏರುತ್ತದೆ. ಮಲೆನಾಡಿನ ಮತ್ತೂರು-ಹೊಸಹಳ್ಳಿಯಲ್ಲಿ ಗಮಕಕ್ಕೂ ಇಂಥದ್ದೇ ಜಗಲಿಯ ಪರಂಪರೆಯಿದೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಆ ಜಗಲಿಗಳೂ ಸುದ್ದಿಯಾದವು. ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಅದೇ ಗೌರವ. ಬೀದಿಯಲ್ಲಿ ಅಣ್ಣಮ್ಮನ ಮುಂದೆ ತಮಟೆ ಬಡಿಯುವ ಹುಡುಗರಿಗೆ ಆ ಸುದ್ದಿ ತಲುಪಿತೋ ಇಲ್ಲವೋ, ತಲುಪಬೇಕಿತ್ತು.

ಹೊರದೇಶದಿಂದ ಒಂದೇ ನಿದರ್ಶನ. ವಿಯೆನ್ನಾದ ಫ್ರಾಂಜ್ ಶೂಬರ್ಟ್ ನೂರಾರು ಹಾಡುಗಳಿಗೆ ಸ್ವರ ಹಾಕಿದವನು. ಆತನ ಕೃತಿಗಳಿಗೆಂದೇ ಮೀಸಲಾದ ಸಾರ್ವಜನಿಕ ಕಛೇರಿ ಅವನ ಜೀವಮಾನದಲ್ಲಿ ನಡೆದದ್ದು ಒಂದೇ ಸಲ, 1828ರ ಮಾರ್ಚಿನಲ್ಲಿ; ಅದೇ ವರ್ಷ ತೀರಿಕೊಂಡ. ಉಳಿದಂತೆ 1821ರಿಂದ ಗೆಳೆಯರ ಮನೆಗಳಲ್ಲಿ ಸೇರುತ್ತಿದ್ದ ಕೂಟಗಳೇ ಆ ಹಾಡುಗಳನ್ನು ಸಾಕಿದವು.

ನಮ್ಮ ಭಾವಗೀತೆಯ ಕಥೆಯನ್ನೂ ಈ ಕಣ್ಣಿನಿಂದ ಓದಬಹುದು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಯವರು ಕವಿತೆಯನ್ನು ಪುಸ್ತಕದಿಂದ ಎಬ್ಬಿಸಿ ಜನರ ಬಾಯಿಗೆ ತಂದರು. ಒಂದು ಹಾರ್ಮೋನಿಯಂ, ಒಂದು ತಬಲ ಇದ್ದರೆ ಶಾಲೆಯ ವರಾಂಡದಲ್ಲೂ ಆಗುವ ಕಲೆ ಅದು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಮೇಲೆ ಕವಿತೆ ಅಡುಗೆಮನೆ ಹೊಕ್ಕಿತು. 2005ರ ಏಪ್ರಿಲಿನಲ್ಲಿ ಸಿ. ಅಶ್ವತ್ಥ್ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದಾಗ ಸೇರಿದವರ ಲೆಕ್ಕ ಲಕ್ಷ ಮೀರಿತ್ತು. ಕವಿತೆ ಕೇಳಲು ಅಷ್ಟು ಜನ! ಅದು ಕನ್ನಡದ ಹೆಮ್ಮೆಯ ಸಂಜೆ, ಅನುಮಾನವಿಲ್ಲ. ಆದರೆ ಆ ಲಕ್ಷ ಜನ ಅಲ್ಲಿಗೆ ಬರುವಾಗಲೇ ಹಾಡು ಕಲಿತು ಬಂದಿದ್ದರು. ಕಲಿತದ್ದು ಕ್ಯಾಸೆಟ್ಟಿನಿಂದ, ಮದುವೆಮನೆಯಿಂದ, ಕಾಲೇಜಿನ ಹಬ್ಬದಿಂದ, ರಾಜ್ಯೋತ್ಸವದ ಬೀದಿಯಿಂದ. ಜೊತೆಯಲ್ಲಿ ಹಾಡುವುದರಿಂದ ಏನಾಗುತ್ತದೆಂದು ಆಕ್ಸ್‌ಫರ್ಡಿನ ಮನೋವಿಜ್ಞಾನಿಗಳು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಏಳು ತಿಂಗಳ ಹಾಡಿನ ತರಗತಿಗೆ ಸೇರಿದ ಅಪರಿಚಿತರು ಕರಕುಶಲ ಮತ್ತು ಬರವಣಿಗೆಯ ತರಗತಿಗಳಿಗೆ ಸೇರಿದವರಿಗಿಂತ ಬೇಗ ಒಬ್ಬರಿಗೊಬ್ಬರು ಹತ್ತಿರವಾದರಂತೆ. ಭಜನಾ ಮಂಡಳಿಯ ಸದಸ್ಯರನ್ನು ಕೇಳಿದ್ದರೆ ಏಳು ನಿಮಿಷದಲ್ಲಿ ಹೇಳುತ್ತಿದ್ದರು.

ಸಣ್ಣ ಕಛೇರಿಗಳ ಕಷ್ಟವನ್ನೂ ಹೇಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದು ಬಂದ್. ನಿಯಮ ಸರಿಯಾದದ್ದೇ. ಪರೀಕ್ಷೆಗೆ ಓದುವ ಮಕ್ಕಳು, ಹೃದ್ರೋಗಿಗಳು, ರಾತ್ರಿ ಪಾಳಿಯವರು ಇರುವ ಬೀದಿಯಲ್ಲಿ ಎದೆ ನಡುಗಿಸುವ ಡಿಜೆ ಪೆಟ್ಟಿಗೆಗಳನ್ನು ಪೇರಿಸುವುದು ಸಂಗೀತವಲ್ಲ, ದಬ್ಬಾಳಿಕೆ. ಇತ್ತೀಚಿನ ಆರ್ಕೆಸ್ಟ್ರಾಗಳ ದೊಡ್ಡ ತಪ್ಪು ಇದೇ. ಮೂವತ್ತಡಿ ರಸ್ತೆಗೆ ಮೈದಾನದ ಸ್ಪೀಕರ್ ಯಾಕೆ? ಹತ್ತಿರವಿರುವ ಭಾಗ್ಯವನ್ನು ಕೈಯಾರೆ ಕಳೆದುಕೊಂಡ ಹಾಗಾಗುತ್ತದೆ.

ಪಬ್ಬು, ರೆಸ್ಟೊರೆಂಟುಗಳ ಕಥೆ ಬೇರೆ. ಬೆಂಗಳೂರಿನಲ್ಲಿ ‘ಲೈವ್ ಬ್ಯಾಂಡ್’ ಎಂದರೆ ಬಾರಿನ ನೃತ್ಯ ಎಂಬ ಅರ್ಥವೇ ಬಹಳ ಕಾಲ ಚಾಲ್ತಿಯಲ್ಲಿತ್ತು. ಅದನ್ನು ಹಿಡಿತಕ್ಕೆ ತರಲು ಪೊಲೀಸರು 2005ರಲ್ಲಿ ಪರವಾನಗಿಯ ಆದೇಶ ಹೊರಡಿಸಿದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಲೆ ಬೀಸಿದ್ದು ಯಾರಿಗೋ, ಮೂಲೆಯಲ್ಲಿ ಸ್ಟೂಲ್ ಹಾಕಿ ಕೂತು ಗಿಟಾರ್ ನುಡಿಸುತ್ತಿದ್ದವನೂ ಸಿಕ್ಕಿಬಿದ್ದ. ಆ ವರ್ಷ ಎಷ್ಟೋ ಕಡೆ ಹಾಡುಗಾರರಿಗೆ ಕೆಲಸ ತಪ್ಪಿತು. 1996ರಿಂದ ಸ್ವಾತಂತ್ರ್ಯ ದಿನಕ್ಕೆ ‘ಫ್ರೀಡಂ ಜ್ಯಾಮ್’ ಎಂದು ಟಿಕೆಟ್ಟಿಲ್ಲದ ಸಂಗೀತ ನಡೆಸಿ ಹೊಸ ತಂಡಗಳಿಗೆ ವೇದಿಕೆ ಕೊಟ್ಟ ಊರು ಇದು ಎಂಬುದನ್ನು ನೆನೆದರೆ ಇನ್ನೂ ಬೇಸರ. 2009ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಸೋಫಾರ್ ಸೌಂಡ್ಸ್’ ಎಂಬ ಮನೆಕಛೇರಿಗಳ ಸರಣಿ ಬೆಂಗಳೂರಿಗೂ ಬಂದಿತು. ಯಾರದೋ ಮನೆಯ ಹಜಾರ, ಕೆಲವೇ ಹತ್ತು ಜನ, ಯಾರು ಹಾಡುತ್ತಾರೆಂದು ಮೊದಲೇ ಹೇಳುವುದಿಲ್ಲ, ಹಾಡುವಾಗ ಮಾತಾಡುವಂತಿಲ್ಲ. ಚಂದವೇ. ಆದರೆ ಆ ಮೌನ ಸ್ವಲ್ಪ ಬಿಗಿ. ಕನ್ನಡದ ಕೇಳುಗನಿಗೆ ‘ಭೇಷ್’ ಎನ್ನಲು ಬಾಯಿ ಬಿಡಬೇಕು, ಇಲ್ಲವಾದರೆ ಕೇಳಿದ ಹಾಗಾಗುವುದಿಲ್ಲ.

ಈಗ ಪಶ್ಚಿಮ ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ಕರೋಕೆ. ನಿವೃತ್ತ ಬ್ಯಾಂಕ್ ನೌಕರರು, ಗೃಹಿಣಿಯರು, ವಕೀಲರು ತಿಂಗಳಿಗೊಮ್ಮೆ ಸಮುದಾಯ ಭವನದಲ್ಲೋ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲೋ ಸೇರಿ ಪಿ.ಬಿ. ಶ್ರೀನಿವಾಸರ, ಎಸ್. ಜಾನಕಿಯವರ ಹಾಡು ಹಾಡುತ್ತಾರೆ. ಜೀವನವಿಡೀ ಸ್ನಾನದ ಮನೆಯಲ್ಲೇ ಉಳಿದಿದ್ದ ಕಂಠಗಳಿಗೆ ಅರವತ್ತರಲ್ಲಿ ವೇದಿಕೆ ಸಿಕ್ಕಿರುವುದು ಸಣ್ಣ ಮಾತಲ್ಲ. ಆದರೆ ಈ ಟ್ರ್ಯಾಕುಗಳು ತಂದ ನಷ್ಟ ಬಿದ್ದದ್ದು ಕೀಬೋರ್ಡ್, ಢೋಲಕ್, ತಬಲದವರ ತಲೆಯ ಮೇಲೆ. ಬೀದಿಯ ಸಮಿತಿಗಳಿಗೂ ಒಂದು ಲ್ಯಾಪ್‌ಟಾಪು, ಇಬ್ಬರು ಗಾಯಕರು ಸಾಕಾಗಿದೆ, ಖರ್ಚು ಕಡಿಮೆ. ವ್ಯತ್ಯಾಸ ತಿಳಿಯುವುದು ಹಾಡುವವರಿಗೆ ಚರಣದ ಎತ್ತುಗಡೆ ತಪ್ಪಿದಾಗ. ಟ್ರ್ಯಾಕು ತನ್ನ ಪಾಡಿಗೆ ಮುಂದೆ ಹೋಗಿಬಿಡುತ್ತದೆ. ಹಾಡುವ ಹಿರಿಯರು ಪರದೆಯ ಮೇಲೆ ಓಡುವ ಅಕ್ಷರಗಳ ಹಿಂದೆ ಓಡುತ್ತಾರೆ. ಪಕ್ಕದಲ್ಲಿ ಢೋಲಕ್ಕಿನವನಿದ್ದರೆ ಅವರ ಮುಖ ನೋಡಿ ಇನ್ನೊಂದು ಆವರ್ತ ಬಾರಿಸುತ್ತಾನೆ, ಕೀಬೋರ್ಡಿನವನಿಗೆ ಕಣ್ಸನ್ನೆ ಮಾಡುತ್ತಾನೆ, ಅವನು ಅದೇ ಬಿಜಿಎಂ ಮತ್ತೊಮ್ಮೆ ನುಡಿಸುತ್ತಾನೆ. ರಾಜ್ಯೋತ್ಸವದ ಚಂದಾ ಪುಸ್ತಕ ಹಿಡಿದವರು ಇನ್ನೆರಡು ಮನೆ ಹೆಚ್ಚಿಗೆ ಹತ್ತಿಳಿದು ಆ ಇಬ್ಬರ ಸಂಭಾವನೆಯನ್ನೂ ಸೇರಿಸಿಕೊಳ್ಳಬಹುದು. ಎಲ್‌ಇಡಿ ಪರದೆಯ ಬಾಡಿಗೆ ಬಿಟ್ಟರೆ ಅದೂ ಬೇಕಾಗಲಿಕ್ಕಿಲ್ಲ.